ಹಿಂದಿನ ಸಾಲಿನ ಒನ್ಸ್ ಮೋರ್

ನಮ್ಮ ಮನೆಯಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ಪುಗಳು ಒಬ್ಬ ಮಹಾರಾಜನ ಹೊಟ್ಟೆಯಲ್ಲಿರುತ್ತವೆ. ಗಾಬರಿಯಾಗಬೇಡಿ, ಅದೊಂದು ಪ್ಲಾಸ್ಟಿಕ್ ಡಬ್ಬಿ. ಹಲಸೂರಿನ ಟಾಕೀಸೊಂದರಲ್ಲಿ ಪಾಪ್‌ಕಾರ್ನ್ ತುಂಬಿ ಕೊಟ್ಟದ್ದನ್ನು ನನ್ನ ಹೆಂಡತಿ ಸರೋಜ, “ಗಟ್ಟಿಯಾಗಿದೆ, ಎಸೆಯೋದ್ಯಾಕೆ?” ಎಂದು ಮನೆಗೆ ತಂದು ತೊಳೆದಿಟ್ಟಳು. ಡಬ್ಬಿಯ ಮೇಲೆ ಕಿರೀಟ ಹೊತ್ತ ರಾಜನೊಬ್ಬನ ಮುಖ ಅಚ್ಚಾಗಿದೆ. ಇಷ್ಟು ವರ್ಷ ತಾರಸಿಯ ಬಿಸಿಲಿಗೆ ಅವನ ಕಿರೀಟ ಮಾಸಿದೆ, ಎಡಗಡೆಯ ಹುಬ್ಬು ಪೂರ್ತಿ ಹೋಗಿದೆ. ಆದರೆ ತಲೆಯ ಮೇಲಿನ ‘ಲೈವ್’ ಎಂಬ ಕೆಂಪು ಅಕ್ಷರಗಳು ಮಾತ್ರ ಅಂಗಡಿಯಿಂದ ಈಗಷ್ಟೇ ತಂದಂತೆ ಹೊಳೆಯುತ್ತಿವೆ. ಬೆಳಿಗ್ಗೆ ಬನಿಯನ್ನಿಗೆ ಕ್ಲಿಪ್ಪು ಹಾಕುವಾಗಲೆಲ್ಲ ಅದನ್ನು ನೋಡಿ ನನಗೆ ಮೈ ಉರಿಯುತ್ತದೆ.

ಲೈವ್ ಅಂತೆ. ಮೆಟ್ರೋ ಕಂಬಗಳು ಇನ್ನೂ ಒಂದೊಂದಾಗಿ ಮೇಲೇಳುತ್ತಿದ್ದ ಕಾಲದಲ್ಲಿ ನಮ್ಮ ಊರಿಗೆ ಇಂಥದ್ದೊಂದು ಬುದ್ಧಿವಂತಿಕೆ ಬಂದಿತ್ತು. ಊರ ಮಧ್ಯದ ದೊಡ್ಡ ಸಭಾಂಗಣದಲ್ಲಿ ಸಂಗೀತ ನಾಟಕ ಆಡುವುದು, ಅದನ್ನು ಕ್ಯಾಮೆರಾಗಳಲ್ಲಿ ಹಿಡಿದು ಉಪಗ್ರಹಕ್ಕೆ ಎಸೆಯುವುದು, ಉಪಗ್ರಹ ಅದನ್ನು ಏಳು ಸಿನಿಮಾ ಟಾಕೀಸುಗಳಿಗೆ ಅದೇ ಗಳಿಗೆಯಲ್ಲಿ ಸುರಿಯುವುದು. ಹಲಸೂರಿನಿಂದ ಆ ಸಭಾಂಗಣಕ್ಕೆ ಆಟೋದಲ್ಲಿ ಇಪ್ಪತ್ತು ನಿಮಿಷ. ಅಷ್ಟು ದೂರದ ನಾಟಕ ಆಕಾಶಕ್ಕೆ ಹೋಗಿ, ಅಲ್ಲಿಂದ ಇಳಿದು ನಮ್ಮ ಮುಂದೆ ಬಂದು ನಿಲ್ಲುತ್ತದೆಂದರೆ ನಾವೆಲ್ಲ ಬಾಯಿ ತೆರೆದು ನೋಡಿದೆವು. ಆಟೋ ಹಿಡಿಯುವ ಯೋಚನೆ ಯಾರಿಗೂ ಹೊಳೆಯಲಿಲ್ಲ.

ಡಬ್ಬಿಯ ಮೇಲಿನ ರಾಜ ನನಗೆ ಬಹಳ ಬೇಕಾದವರು. ಹೆಸರು ಗುರುಶಾಂತಪ್ಪ, ನಾವೆಲ್ಲ ಕರೆಯುತ್ತಿದ್ದದ್ದು ಶಾಂತಪ್ಪ ಮೇಷ್ಟ್ರು ಎಂದು. ಸೇಡಂ ಕಡೆಯವರು. ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಕೆಲಸ, ಬೈಯಪ್ಪನಹಳ್ಳಿಯಲ್ಲಿ ಬಾಡಿಗೆಯ ಎರಡು ಕೋಣೆ, ಉಳಿದ ಹೊತ್ತೆಲ್ಲ ನಾಟಕ. ಹಗಲು ಅರ ಹಿಡಿದು ಕಬ್ಬಿಣ ಉಜ್ಜಿದ ಕೈಯಲ್ಲಿ ಸಂಜೆ ರಾಜದಂಡ ಹಿಡಿದರೆ ಅದು ಬೆಳ್ಳಿಯದೇ ಅನ್ನಿಸುತ್ತಿತ್ತು. ತೊಂಬತ್ತರ ದಶಕದಲ್ಲಿ ಹಲಸೂರಿನ ಮೈದಾನ, ಕೆ.ಆರ್. ಪುರದ ಸಂತೆ ಬಯಲು, ಇಂದಿರಾನಗರದ ಗಣೇಶನ ಪೆಂಡಾಲು, ಎಲ್ಲಿ ಹಲಗೆ ಹಾಸಿ ಪರದೆ ಕಟ್ಟಿದರೂ ಅಲ್ಲಿ ಮೇಷ್ಟ್ರ ‘ವನವಾಸಿ ರಾಜ’ ಇದ್ದೇ ಇರುತ್ತಿತ್ತು.

ನಾನಾಗ ವಿಮಾ ಕಚೇರಿಯಲ್ಲಿ ಫೈಲುಗಳಿಗೆ ದಾರ ಕಟ್ಟುವ ಹೊಸ ಗುಮಾಸ್ತ. ನನ್ನೊಳಗೊಬ್ಬ ನಟ ಇದ್ದಾನೆಂದು ನನಗೆ ಬಲವಾದ ಅನುಮಾನವಿತ್ತು. ಮೇಷ್ಟ್ರು ಸೈನಿಕನ ಪಾತ್ರ ಕೊಟ್ಟರು. “ಪ್ರಭುಗಳೇ, ಶತ್ರು ಕೋಟೆಯ ಬಾಗಿಲಿಗೆ ಬಂದಿದ್ದಾನೆ” ಎಂಬ ಒಂದೇ ಮಾತು. ತಾಲೀಮಿನಲ್ಲಿ ನಾನು ಅದನ್ನು ಹೇಳಿದ ಜೋರಿಗೆ ಹಾರ್ಮೋನಿಯಂ ನುಡಿಸುವವರು ಕಿವಿ ಮುಚ್ಚಿಕೊಂಡರು. ಪ್ರದರ್ಶನದ ದಿನ ಶತ್ರು ಬಂದದ್ದೇ ಮರೆತುಹೋಗಿ, ಪ್ರಭುಗಳ ಮುಖವನ್ನೇ ನೋಡುತ್ತ ನಿಂತುಬಿಟ್ಟೆ. ಪ್ರಭುಗಳೇ ನನ್ನನ್ನು ಕೇಳಿದರು: “ಏನು, ಶತ್ರು ಬಂದನೇ?” ನಾನು ಹೌದೆಂದು ತಲೆಯಾಡಿಸಿ ಒಳಗೆ ಹೋದೆ.

ಮಾರನೆಯ ದಿನ ಮೇಷ್ಟ್ರು ನನ್ನನ್ನು ಕರೆದು ಕೂರಿಸಿಕೊಂಡರು. “ಮೂರ್ತಿ, ನಿನ್ನ ದನಿ ಛಲೋ ಅದ. ಆದ್ರ ಅದು ರಂಗದ ಮ್ಯಾಲ ಇರೋ ದನಿ ಅಲ್ಲಪಾ. ಹಿಂದಿನ ಸಾಲಿನ್ಯಾಗ ಇರಬೇಕಾದ ದನಿ” ಎಂದರು. ಹೀಗೆ ನನಗೆ ಒನ್ಸ್ ಮೋರ್ ಕೂಗುವ ಕೆಲಸ ಸಿಕ್ಕಿತು.

ನೀವು ನಗಬಹುದು. ಒನ್ಸ್ ಮೋರ್ ಕೂಗುವುದಕ್ಕೂ ಒಂದು ಕೆಲಸದ ಮರ್ಯಾದೆಯೇ ಎಂದು. ಇದೆ ಸ್ವಾಮಿ. ಹಾಡು ಮುಗಿದ ಕೂಡಲೇ ಕೂಗಿದರೆ ಕೂಲಿಗೆ ತಂದ ಜನ ಎಂದು ಗೊತ್ತಾಗುತ್ತದೆ. ಚಪ್ಪಾಳೆ ನಿಂತ ಮೇಲೆ ಕೂಗಿದರೆ ಭಿಕ್ಷೆ ಹಾಕಿದಂತೆ ಕೇಳಿಸುತ್ತದೆ. ವನವಾಸಿ ರಾಜ ಮೂರನೆಯ ಅಂಕದಲ್ಲಿ ರಾಜ್ಯ ಕಳೆದುಕೊಂಡು, ಕೊನೆಗೆ ತನ್ನ ಕುದುರೆಯನ್ನೂ ಬಿಟ್ಟುಕೊಡುತ್ತ ಒಂದು ಪದ ಹಾಡುತ್ತಾನೆ: ‘ಹೋಗಯ್ಯ ಕುದುರೆಯೇ, ನಿನ್ನೊಡೆಯ ನಾನಲ್ಲ.’ ಕುದುರೆ ಇರುತ್ತಿದ್ದದ್ದು ಪರದೆಯ ಚಿತ್ರದಲ್ಲಿ, ಅದರ ಒಂದು ಕಾಲು ಉಳಿದ ಮೂರಕ್ಕಿಂತ ಗಿಡ್ಡ. ಪದ ಮುಗಿಸಿದ ಮೇಷ್ಟ್ರು ಬಲಗೈಯನ್ನು ಹೆಗಲವರೆಗೆ ಎತ್ತಿ, ಜನರಿಗೆ ಬೆನ್ನು ಹಾಕಿ, ಒಳಗೆ ಹೊರಟಂತೆ ನಡೆಯುತ್ತಿದ್ದರು. ಒಂದು, ಎರಡು, ಮೂರು, ನಾಲ್ಕು. ನಾಲ್ಕನೆಯ ಹೆಜ್ಜೆ ನೆಲಕ್ಕೆ ತಾಗುವಾಗ ನನ್ನ ಕೂಗು ಬೀಳಬೇಕು. ಅದು ಬಿದ್ದ ಮೇಲೆ ಉಳಿದವರ ಕೂಗು ತಾನಾಗಿಯೇ ಏಳುತ್ತಿತ್ತು. ಹಾರ್ಮೋನಿಯಂನವರು ತಿದಿಯಲ್ಲಿ ಅರ್ಧ ಗಾಳಿ ಉಳಿಸಿಕೊಂಡು ಕಾಯುತ್ತಿದ್ದರು. ಐದನೆಯ ಹೆಜ್ಜೆಯನ್ನು ನಾನು ಯಾವತ್ತೂ ನೋಡಿರಲಿಲ್ಲ.

ಎರಡನೆಯ ಸಲ ಹಾಡುವಾಗ ಮೇಷ್ಟ್ರು ಬೇರೆಯೇ ಮನುಷ್ಯ. ‘ಕುದುರೆಯೇ’ ಎಂಬಲ್ಲಿಗೆ ಬಂದರೆ ಅಲ್ಲೇ ನಿಂತು, ಉಸಿರು ಹಿಡಿದು, ಆ ಒಂದು ಮಾತನ್ನು ಎಳೆಯುತ್ತ, ತಿರುಗಿಸುತ್ತ, ಬಿಟ್ಟುಕೊಡಲು ಮನಸ್ಸೇ ಇಲ್ಲದವರಂತೆ ಹಾಡುತ್ತಿದ್ದರು. ಮೊದಲ ಸಲ ಆ ನಿಲುಗಡೆ ಇರುತ್ತಲೇ ಇರಲಿಲ್ಲ. ಯಾಕೆಂದು ಕೇಳಿದ್ದಕ್ಕೆ, “ಮೊದಲನೇದು ನಾಟಕಕ್ಕ ಹಾಡೋದು. ಎರಡನೇದು ಮಂದಿಗೆ. ಅವರು ಕೇಳ್ಯಾರಲ್ಲ, ಅದಕ್ಕ” ಎಂದಿದ್ದರು. ಹಲಸೂರಿನ ಮೈದಾನದಲ್ಲಿ ಒಮ್ಮೆ ಮೂರು ಒನ್ಸ್ ಮೋರ್ ಬಿದ್ದು, ರಾಜನನ್ನು ಕಾಡಿಗೆ ಕರೆದೊಯ್ಯಲು ಬಂದ ದೂತ ಮೂರು ಸಲವೂ ಕೈಮುಗಿದು ವಾಪಸು ಹೋದ. ನಾಲ್ಕನೆಯ ಸಲ ಬಂದಾಗ ಅವನಿಗೂ ಚಪ್ಪಾಳೆ ಬಿತ್ತು.

ಇಲ್ಲಿ ನಮ್ಮ ಅಜ್ಜಿಯ ವಿಷಯ ಹೇಳದೆ ಮುಂದೆ ಹೋಗಲಾರೆ. ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ರೇಡಿಯೋದಲ್ಲಿ ವಾರ್ತೆ ಓದುವವರು ನಮಸ್ಕಾರ ಎಂದರೆ ಅಜ್ಜಿ ಸೆರಗು ಸರಿಮಾಡಿಕೊಂಡು, “ನಮಸ್ಕಾರನಪ್ಪ, ಊಟ ಆಯ್ತಾ?” ಎಂದು ಕೇಳಿ ಸ್ವಲ್ಪ ಹೊತ್ತು ಉತ್ತರಕ್ಕೆ ಕಾಯುತ್ತಿದ್ದಳು. ಅವನು ಉತ್ತರ ಕೊಡದೆ ಪ್ರವಾಹದ ಸುದ್ದಿಗೆ ಹೋದರೆ, “ಪಾಪ, ಕೆಲಸದ ಅವಸರ” ಎನ್ನುತ್ತಿದ್ದಳು. ನಾವು ಮೊಮ್ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ ಎಂದು ಈಗ ಒಪ್ಪಿಕೊಳ್ಳಬೇಕಾಗಿದೆ.

ಎರಡು ಸಾವಿರ ದಾಟಿದ ಮೇಲೆ ಮೈದಾನಗಳಲ್ಲಿ ಅಪಾರ್ಟ್‌ಮೆಂಟು ಬಂದವು, ಗಣೇಶನ ಪೆಂಡಾಲಿಗೆ ಆರ್ಕೆಸ್ಟ್ರಾ ಬಂತು. ಮೇಷ್ಟ್ರ ನಾಟಕ ವರ್ಷಕ್ಕೆ ಒಂದು ನಡೆದರೆ ಹೆಚ್ಚು. ಅಂಥ ಹೊತ್ತಿಗೆ ನಿಖಿಲ್ ಎಂಬ ಈವೆಂಟ್ ಮ್ಯಾನೇಜರ್ ಪ್ರತ್ಯಕ್ಷನಾದ. ಎರಡು ಮೊಬೈಲು, ಕೊರಳಲ್ಲಿ ಗುರುತಿನ ಚೀಟಿ, ಯಾರ ಮುಖವನ್ನೂ ನೋಡದೆ ಮಾತಾಡುವ ಅಭ್ಯಾಸ. ‘ವನವಾಸಿ ರಾಜ’ವನ್ನು ಲೈವ್ ಮಾಡುತ್ತೇವೆ ಎಂದ. ಹಳೆಯ ಕಲೆ ಉಳಿಸುತ್ತೇವೆ ಎಂದ. ಉಳಿಸಲು ಬಂದವನು ಮೊದಲು ಮಾಡಿದ್ದು ಮೂರೂವರೆ ಗಂಟೆಯ ನಾಟಕವನ್ನು ಎರಡು ಗಂಟೆ ಹತ್ತು ನಿಮಿಷಕ್ಕೆ ಕತ್ತರಿಸಿದ್ದು. ಗಿಡ್ಡ ಕಾಲಿನ ಕುದುರೆಯ ಪರದೆ ತೆಗೆಸಿ ಎಲ್‌ಇಡಿ ಗೋಡೆ ನಿಲ್ಲಿಸಿದ. ಶಿವಾಜಿನಗರದ ಗಲ್ಲಿಯಲ್ಲಿ ನಾಟಕದ ಪೋಷಾಕು ಬಾಡಿಗೆಗೆ ಕೊಡುವ ಖಾದರ್ ಭಾಯ್, ಇಪ್ಪತ್ತು ವರ್ಷದಿಂದ ಮೇಷ್ಟ್ರ ತಲೆಗೆ ತಮ್ಮ ಕೈಯಾರೆ ಕಟ್ಟುತ್ತಿದ್ದ ಕಿರೀಟ ಹಿಡಿದುಕೊಂಡು ಬಂದರೆ, “ಅಂಕಲ್, ಇದು ಕ್ಯಾಮೆರಾಗೆ ಗ್ಲೇರ್ ಹೊಡೆಯುತ್ತೆ” ಎಂದು ವಾಪಸು ಕಳಿಸಿದ.

ಖಾದರ್ ಭಾಯ್ ಕಿರೀಟವನ್ನು ಬಟ್ಟೆಯಲ್ಲಿ ಸುತ್ತಿಕೊಳ್ಳುತ್ತ ನನ್ನ ಹತ್ತಿರ, “ಕಿರೀಟ ಹೊಳೀಬಾರ್ದಂತೆ ಮೂರ್ತಿ ಸಾಬ್. ಹಾಗಾದ್ರೆ ಟೋಪಿ ಹಾಕ್ಲಿ ರಾಜಂಗೆ” ಎಂದರು.

ನಿಖಿಲನ ಕೊನೆಯ ಕಟ್ಟಳೆ ಒನ್ಸ್ ಮೋರ್ ಬಗ್ಗೆ. “ಸರ್, ನೋ ಒನ್ಸ್ ಮೋರ್. ಸ್ಯಾಟಲೈಟ್ ಟೈಮ್ ಫಿಕ್ಸ್ ಆಗಿದೆ. ಒಂದು ಸಾಂಗ್ ಎರಡು ಸಲ ಆದ್ರೆ ಕ್ಲೈಮ್ಯಾಕ್ಸ್ ಕಟ್ ಆಗುತ್ತೆ” ಎಂದ. ಮೇಷ್ಟ್ರು ತಲೆಯಾಡಿಸಿದರು. ಅವನು ಫೋನು ಕಿವಿಗಿಟ್ಟು ಆಚೆ ಹೋದ ಮೇಲೆ ನನ್ನ ಕಡೆ ತಿರುಗಿದರು.

“ಅಂವಾ ಹೇಳ್ತಾನ, ಹೇಳಲಿ. ಮಂದಿ ಕೇಳಿದ್ರ ಯಾರು ಬ್ಯಾಡ ಅಂತಾರ? ನೀ ಹಿಂದಿನ ಸಾಲಿನ್ಯಾಗ ಇರು, ಅಷ್ಟ ಸಾಕು.”

“ಇರ್ತೀನಿ ಮೇಷ್ಟ್ರೇ, ಇರ್ದೆ ಎಲ್ಲೋಗ್ತೀನಿ?” ಎಂದೆ.

ಆಗ ಅವರು ಹೇಳಿದರು. ಗಂಟಲಲ್ಲಿ ಗಂಟು ಬೆಳೆದಿದೆ, ನಾಟಕ ಮುಗಿದ ಮುಂದಿನ ವಾರವೇ ಆಪರೇಷನ್. ಆಮೇಲೆ ಮಾತು ಬಂದರೂ ಬರಬಹುದು, ಹಾಡು ಬರಲಾರದೆಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದಾರೆ. “ಇದ ಕಡೀದು ಮೂರ್ತಿ. ಕುದುರಿ ಪದ ಒಂದ ಸಲ ಹಾಡಿ ನಾ ಯಾವತ್ತೂ ಒಳಗ ಹೋದಾಂವ ಅಲ್ಲ. ಕಡೀ ಸಲ ಹಂಗ ಆಗೋದು ಬ್ಯಾಡ” ಎಂದು, ನಿಖಿಲನಿಂದ ಹಟಮಾಡಿ ತೆಗೆದುಕೊಂಡಿದ್ದ ಒಂದು ಪಾಸನ್ನು ನನ್ನ ಜೇಬಿಗೆ ತುರುಕಿದರು. ಸಭಾಂಗಣಕ್ಕೆ ಆಹ್ವಾನಿತರಿಗೆ ಮಾತ್ರ ಪ್ರವೇಶ. ಆ ಪಾಸು ಕೊನೆಯ ಸಾಲಿನ ನಟ್ಟನಡುವಿನ ಕುರ್ಚಿಯದು. ರಂಗದ ಮೇಲೆ ನಿಂತು ಸುಮ್ಮನೆ ತಲೆಯೆತ್ತಿದರೆ ಕಾಣುವ ಜಾಗ.

ಇನ್ನು ನಾನು ಮಾಡಿದ ಘನಕಾರ್ಯ. ನಮ್ಮ ಕಚೇರಿಯ ಸಾಹೇಬರಿಗೆ ನಾಟಕವೆಂದರೆ ಅಲರ್ಜಿ, ಆದರೆ ಮಂತ್ರಿಗಳು ಬರುವ ಸಭೆಯೆಂದರೆ ಪ್ರಾಣ. ನನ್ನ ಜೇಬಿನ ಬಂಗಾರದಂಚಿನ ಪಾಸು ಅವರ ಕಣ್ಣಿಗೆ ಬಿತ್ತು. “ಮೂರ್ತಿ, ನಿಮಗೇನ್ರೀ, ಆ ಮೇಷ್ಟ್ರನ್ನ ದಿನಾ ನೋಡ್ತೀರಿ” ಎಂದರು. ನಾನು ಇಲ್ಲ ಎನ್ನಬೇಕಿತ್ತು. ಇಪ್ಪತ್ತು ವರ್ಷ ಗುಮಾಸ್ತಿಕೆ ಮಾಡಿದವನ ಬಾಯಲ್ಲಿ ಸಾಹೇಬರೆದುರು ಇಲ್ಲ ಎಂಬ ಮಾತು ಅಷ್ಟು ಸುಲಭಕ್ಕೆ ಬರುವುದಿಲ್ಲ. ನಾಳೆ ಹೇಳುತ್ತೇನೆ ಎಂದು ಹಲ್ಲುಕಿರಿದು ಬಂದೆ.

ಆ ಸಂಜೆ ನಿಖಿಲ್ ಸಿಕ್ಕಿದ. “ನಿಖಿಲ್, ಟಾಕೀಸಲ್ಲಿ ನಾವು ಕೂಗಿದ್ರೆ ಅಲ್ಲಿ ಹಾಲ್‌ನಲ್ಲಿ ಕೇಳ್ಸುತ್ತಾ?” ಎಂದು ಕೇಳಿದೆ. ಅವನು ಫೋನಿನಲ್ಲಿ ಇನ್ನಾರಿಗೋ ಬಯ್ಯುತ್ತಿದ್ದವನು, “ಎಲ್ಲಾ ಕನೆಕ್ಟೆಡ್ ಸರ್, ಏಳೂ ಥಿಯೇಟರ್ ಒಂದೇ ಹಾಲ್ ಥರ, ಡೋಂಟ್ ವರಿ” ಎಂದು ಕೈಬೀಸಿ ಹೋದ. ಅವನು ನನ್ನ ಪ್ರಶ್ನೆಯನ್ನು ಕೇಳಿಸಿಕೊಂಡೇ ಇರಲಿಲ್ಲವೆಂದು ನನಗೆ ಆಗಲೂ ಗೊತ್ತಿತ್ತು. ಆದರೆ ಅಂಥದ್ದೊಂದು ಉತ್ತರ ನನಗೆ ಬೇಕಾಗಿತ್ತು. ಒಬ್ಬನೇ ಹಿಂದಿನ ಸಾಲಿನಲ್ಲಿ ಕೂತು ಕೂಗುವುದಕ್ಕಿಂತ ಟಾಕೀಸಿನ ತುಂಬ ಜನ ಸೇರಿಸಿ ಕೂಗಿಸಿದರೆ ಮೇಷ್ಟ್ರಿಗೆ ಎಂಥ ಒನ್ಸ್ ಮೋರ್ ಎಂದು ಲೆಕ್ಕ ಹಾಕಿದೆ. ಮಾರನೆಯ ದಿನ ಪಾಸು ಸಾಹೇಬರ ಮೇಜಿನ ಮೇಲಿತ್ತು. ನನ್ನ ಪುಕ್ಕಲುತನಕ್ಕೆ ಅಷ್ಟು ಚೆಂದದ ಅಂಗಿಯನ್ನು ನಾನು ಹಿಂದೆಂದೂ ಹೊಲಿದಿರಲಿಲ್ಲ.

ವಾರವಿಡೀ ನಾನು ಜನ ಸೇರಿಸಿದೆ. ಜೀವನ್ ಬಿಮಾ ನಗರದ ನಮ್ಮ ಬೀದಿಯವರು, ಹಲಸೂರು ಮಾರ್ಕೆಟ್ಟಿನ ಹೂವಿನವರು, ಬೈಯಪ್ಪನಹಳ್ಳಿಯಲ್ಲಿ ಮೇಷ್ಟ್ರ ಸುತ್ತಮುತ್ತ ಬಾಡಿಗೆಗಿದ್ದ ಸೇಡಂ, ಚಿತ್ತಾಪುರ ಕಡೆಯ ಗಾರೆ ಕೆಲಸದವರು, ಖಾದರ್ ಭಾಯ್ ಮತ್ತು ಅವರ ಗಲ್ಲಿಯ ದರ್ಜಿಗಳು. ಎಲ್ಲ ಸೇರಿ ಇನ್ನೂರರ ಮೇಲೆ. ಎಲ್ಲರಿಗೂ ನಾಲ್ಕನೆಯ ಹೆಜ್ಜೆಯ ಪಾಠ ಮಾಡಿದೆ. ಖಾದರ್ ಭಾಯ್ ಮಾತ್ರ, “ಅಲ್ಲಿ ಕೇಳುತ್ತೆ ಅಂತ ಗ್ಯಾರಂಟಿನಾ?” ಎಂದು ಎರಡು ಸಲ ಕೇಳಿದರು. ಎರಡು ಸಲವೂ ನಾನು “ಎಲ್ಲಾ ಕನೆಕ್ಟೆಡ್” ಎಂದೆ.

ಪ್ರದರ್ಶನದ ದಿನ ಸಂಜೆ ಆರಕ್ಕೆ ಸರಿಯಾಗಿ ಶುರುವಾಯಿತು. ನಾಟಕವಲ್ಲ, ಜಾಹೀರಾತು. ಆಮೇಲೆ ನಿರೂಪಕಿಯೊಬ್ಬಳು ಬಂದು ಮಂತ್ರಿಗಳನ್ನು ನಿಮಗೇನನ್ನಿಸುತ್ತಿದೆ ಎಂದು ಕೇಳಿದಳು. ಇನ್ನೂ ಏನೂ ನೋಡದ ಮಂತ್ರಿಗಳು ಅದ್ಭುತ ಎಂದರು. ಸಭಿಕರು ಮೊಬೈಲು ಆರಿಸಬೇಕು, ಶಿಳ್ಳೆ ಕೂಗು ಹಾಕಬಾರದು, ನೇರಪ್ರಸಾರಕ್ಕೆ ತೊಂದರೆಯಾಗುತ್ತದೆ ಎಂದು ಅವಳು ಎಚ್ಚರಿಸಿದಾಗ ಟಾಕೀಸಿನಲ್ಲಿ ನಾನು ಮುಸಿಮುಸಿ ನಕ್ಕೆ. ನಾವಿದ್ದೇವಲ್ಲ!

ಪರದೆ ಸರಿಯಿತು. ಮೇಷ್ಟ್ರ ಮುಖ ಮೂವತ್ತಡಿ ಅಗಲಕ್ಕೆ ನಮ್ಮ ಮುಂದೆ ನಿಂತಿತು. ಹಿಂದಿನ ಸಾಲಿನವನಿಗೆ ಕಾಣಲೆಂದು ಬರೆದ ಹುಬ್ಬು, ಬಳಿದ ಬಣ್ಣ, ಅಷ್ಟು ಹತ್ತಿರದಿಂದ ನೋಡಿದರೆ ಸುಣ್ಣ ಎದ್ದ ಗೋಡೆ. ಗದ್ದದ ಅಂಟು ಬಿಟ್ಟಿದ್ದು ಕಂಡಿತು, ಹಲ್ಲಿನ ಸಂದಿಯ ಅಡಿಕೆ ಚೂರು ಕಂಡಿತು. ಇಪ್ಪತ್ತು ವರ್ಷ ರಾಜನೆಂದು ನಂಬಿದ ಮನುಷ್ಯನನ್ನು ಒಂದು ಕ್ಯಾಮೆರಾ ಐದು ನಿಮಿಷದಲ್ಲಿ ಬಣ್ಣ ಬಳಿದುಕೊಂಡ ಮುದುಕನನ್ನಾಗಿ ಮಾಡಿಬಿಟ್ಟಿತು. ಮಾತಿನ ನಡುವೆ ಅವರ ಕಾಲುಗೆಜ್ಜೆ ತೋರಿಸಿದರು, ಯಾಕೋ ತಬಲಾದವರ ಕೈಗಡಿಯಾರ ತೋರಿಸಿದರು, ಎರಡು ಸಲ ಚಿತ್ರ ಚೌಕ ಚೌಕವಾಗಿ ಒಡೆದು ನಿಂತಿತು. ಪಕ್ಕದಲ್ಲಿ ಖಾದರ್ ಭಾಯ್ ಹಲ್ಲು ಕಚ್ಚಿ, “ಅದು ಕಿರೀಟನಾ? ಬಕೆಟ್ಟು” ಎನ್ನುತ್ತಲೇ ಇದ್ದರು. ಸರೋಜ ಪಾಪ್‌ಕಾರ್ನ್ ತಿನ್ನುತ್ತಿದ್ದಳು. ನಾನೂ ತಿಂದೆ, ಸುಳ್ಳೇಕೆ ಹೇಳಲಿ.

ಕುದುರೆ ಪದ ಬಂತು. ಎಲ್‌ಇಡಿ ಗೋಡೆಯ ಮೇಲೆ ಯಾವುದೋ ಪರದೇಶದ ಬಿಳಿಯ ಕುದುರೆ ಕೂದಲು ಹಾರಿಸುತ್ತ ಓಡುತ್ತಿತ್ತು. ಅದನ್ನು ಯಾರೂ ನೋಡಲಿಲ್ಲ. ಮೇಷ್ಟ್ರು ಹಾಡಿದರು. ಗಂಟಲ ಗಂಟು ಎಲ್ಲಿತ್ತೋ, ಆ ದನಿಯಲ್ಲಿ ಇರಲಿಲ್ಲ. ಗಾರೆ ಕೆಲಸದವರ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಪದ ಮುಗಿಯಿತು. ಸಭಾಂಗಣದಲ್ಲಿ ಚಪ್ಪಾಳೆ ಬಿದ್ದವು, ಉದ್ಘಾಟನೆಯ ದೀಪ ಹಚ್ಚಿದಾಗ ಬೀಳುತ್ತವಲ್ಲ, ಅಂಥವು. ಬಲಗೈ ಹೆಗಲಿಗೆ ಬಂತು. ಒಂದು. ಎರಡು. ಮೂರು. ನಾನು ಎದ್ದು ನಿಂತೆ. ನಾಲ್ಕು.

“ಒನ್ಸ್ ಮೋರ್!”

ನನ್ನ ಜನ್ಮದಲ್ಲಿ ಅಂಥ ಕೂಗು ಕೂಗಿರಲಿಲ್ಲ. ಹಿಂದೆಯೇ ಇನ್ನೂರು ಕಂಠಗಳು ಎದ್ದವು. ಟಾಕೀಸಿನ ಮಾಡಿನಲ್ಲಿದ್ದ ಪಾರಿವಾಳಗಳು ಹಾರಿಹೋದವು. ಪರದೆಯ ಮೇಲೆ ಮೇಷ್ಟ್ರು ನಾಲ್ಕನೆಯ ಹೆಜ್ಜೆಗೆ ನಿಂತಿದ್ದರು. ಕ್ಯಾಮೆರಾ ಬದಿಯಿಂದ ಅವರ ಮುಖಕ್ಕೆ ಹತ್ತಿರ ಬಂತು. ಅವರು ಕಿವಿಗೊಟ್ಟಿದ್ದರು. ಒಂದು ಕಿವಿ ಬಾಗಿಲಿನಷ್ಟು ದೊಡ್ಡದಾಗಿ ನಮ್ಮೆದುರಿಗಿತ್ತು, ಅದರೊಳಗಿನ ನರೆಗೂದಲು ಸಹ ಕಾಣುತ್ತಿತ್ತು. ನಾವು ಆ ಕಿವಿಯೊಳಕ್ಕೇ ಕೂಗುತ್ತಿದ್ದೆವು. ಅವರು ಮೆಲ್ಲನೆ ಕತ್ತು ತಿರುಗಿಸಿ ಹಿಂದಿನ ಸಾಲಿನ ಕಡೆ ನೋಡಿದರು. ನೋಡುತ್ತಲೇ ಇದ್ದರು. ಆಮೇಲೆ ಐದನೆಯ ಹೆಜ್ಜೆ ಇಟ್ಟರು.

ದೂತ ಸರಿಯಾದ ಹೊತ್ತಿಗೆ ಬಂದ. ಅವನ ಹಿಂದೆಯೇ ವಿರಾಮ, ವಿರಾಮದಲ್ಲಿ ಪ್ರೆಷರ್ ಕುಕ್ಕರಿನ ಜಾಹೀರಾತು. ನಾವು ಇನ್ನೂ ಕೂಗುತ್ತಲೇ ಇದ್ದೆವು. ಇನ್ನೂರು ಜನ ಎದ್ದು ನಿಂತು ಒಂದು ಕುಕ್ಕರಿಗೆ ಒನ್ಸ್ ಮೋರ್ ಕೂಗಿದ ದಾಖಲೆ ಹಲಸೂರಿನ ಹೊರತು ಇನ್ನೆಲ್ಲಿಯೂ ಇರಲಾರದು. ಅಜ್ಜಿ ಒಬ್ಬಳೇ ಮಾಡುತ್ತಿದ್ದ ಕೆಲಸವನ್ನು ನಾನು ಊರು ಕಟ್ಟಿಕೊಂಡು ಮಾಡಿದ್ದೆ. ಕೊನೆಗೆ ಖಾದರ್ ಭಾಯ್ ನನ್ನ ಭುಜ ಹಿಡಿದು ಕೂರಿಸಿದರು. “ಬಸ್ ಮೂರ್ತಿ ಸಾಬ್. ಅದಕ್ಕೆ ಕಿವಿ ಇಲ್ಲ” ಎಂದರು.

ನಾಟಕ ಮುಗಿದ ಕೂಡಲೇ ಖಾದರ್ ಭಾಯ್ ಮತ್ತು ನಾನು ಆಟೋ ಹತ್ತಿದೆವು. ಇಪ್ಪತ್ತೇ ನಿಮಿಷ. ಮೇಷ್ಟ್ರು ಬಣ್ಣದ ಕೋಣೆಯಲ್ಲಿ ಕೊಬ್ಬರಿಎಣ್ಣೆ ಹಚ್ಚಿ ಮುಖ ಒರೆಸಿಕೊಳ್ಳುತ್ತಿದ್ದರು. ಕನ್ನಡಿಯಲ್ಲೇ ನನ್ನನ್ನು ನೋಡಿ ಕೇಳಿದರು.

“ಇದ್ದ್ಯೇನು ಮೂರ್ತಿ, ಹಿಂದ? ದೀಪದ ಬೆಳಕಿನ್ಯಾಗ ನನಗ ಏನೂ ಕಾಣಲಿಲ್ಲ.”

ನಿಜ ಹೇಳಲು ಒಂದು ಗಳಿಗೆ ಇತ್ತು. “ಇದ್ದೆ ಮೇಷ್ಟ್ರೇ. ಗಂಟಲು ಕಟ್ಟಿಬಿಡ್ತು, ಕೂಗೋಕೆ ಆಗ್ಲಿಲ್ಲ” ಎಂದೆ. ಗಂಟಲೇನೋ ನಿಜವಾಗಿ ಕಟ್ಟಿತ್ತು, ಕುಕ್ಕರಿಗೆ ಕೂಗಿ ಕೂಗಿ. ಅವರು ನನ್ನ ದನಿ ಕೇಳಿ ಮರುಗಿದರು. “ಅಯ್ಯ, ನಿಂದೂ ಹೋಯ್ತೇನು? ಬಿಸಿನೀರು ಕುಡಿ, ಉಪ್ಪು ಹಾಕಿ” ಎಂದರು. ಖಾದರ್ ಭಾಯ್ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಆಟೋದಲ್ಲಿ ವಾಪಸು ಬರುವಾಗ ಅವರು ಒಂದೇ ಮಾತು ಆಡಿದ್ದು: “ನಾನು ಹೇಳಲ್ಲ. ನಿಮ್ಮ ಬಾಯಿಂದಾನೇ ಹೇಳ್ಬೇಕು.”

ಮುಂದಿನ ವಾರ ಆಪರೇಷನ್ ಆಯಿತು. ನೋಡಲು ಯಾರನ್ನೂ ಬಿಡಲಿಲ್ಲ. ಅಲ್ಲಿಂದ ನೇರ ಅವರನ್ನು ಮಗಳು ಸೇಡಂಗೆ ಕರೆದುಕೊಂಡು ಹೋದಳು. ಮಗಳ ಮನೆಯ ಫೋನ್ ನಂಬರು ನನ್ನ ಡೈರಿಯಲ್ಲಿತ್ತು. ಎಷ್ಟೋ ಸಲ ಡೈರಿ ತೆಗೆದೆ, ಆ ಪುಟದ ಧೂಳು ಕೊಡವಿ ಮುಚ್ಚಿದೆ.

ಏಳು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಮೇಷ್ಟ್ರು ನಮ್ಮ ಮನೆಗೆ ಬಂದರು. ಕೊರಳಿಗೆ ಮಫ್ಲರು, ದನಿಯ ಜಾಗದಲ್ಲಿ ಬರೀ ಗಾಳಿ. ಮಾತಾಡಿದರೆ ಹತ್ತಿರ ಹೋಗಿ ಕೇಳಬೇಕು. ನಿಖಿಲನ ಕಂಪನಿ ಬೈಯಪ್ಪನಹಳ್ಳಿಯ ವಿಳಾಸಕ್ಕೆ ಕಳಿಸಿದ್ದ ನಾಟಕದ ಡಿವಿಡಿ ತಂದಿದ್ದರು. ಅವರ ಮನೆಯಲ್ಲಿ ಅದನ್ನು ಹಾಕುವ ಯಂತ್ರವಿರಲಿಲ್ಲ. ಸರೋಜ ಕಾಫಿ ಕೊಟ್ಟಳು, ನಾನು ಡಿವಿಡಿ ಹಾಕಿದೆ. ಕುದುರೆ ಪದ ಮುಗಿಯಿತು. ನನಗೊಂದು ಮಹಾ ಉಪಾಯ ಹೊಳೆಯಿತು. ರಿಮೋಟು ಒತ್ತಿ ಹಿಂದಕ್ಕೆ ಓಡಿಸಿ ಪದವನ್ನು ಮತ್ತೆ ಹಾಕಿ, “ನೋಡಿ ಮೇಷ್ಟ್ರೇ, ಒನ್ಸ್ ಮೋರ್” ಎಂದೆ.

ಅವರು ಎರಡು ಸಾಲು ಕೇಳಿ ತಲೆಯಾಡಿಸಿದರು. “ಇದು ಎರಡನೇದು ಅಲ್ಲಪಾ. ಮೊದಲನೇದ ಮತ್ತ ಬಂದದ” ಎಂದರು. ನಾನು ತಬ್ಬಿಬ್ಬಾಗಿ ಗುಂಡಿ ಒತ್ತಿದೆ. ಚಿತ್ರ ಮುಂದಕ್ಕೋಡಿ ಸಭಿಕರ ಮೇಲೆ ಹೋಗಿ ನಿಂತಿತು. ಕೊನೆಯ ಸಾಲು, ನಟ್ಟನಡುವಿನ ಕುರ್ಚಿ. ನಮ್ಮ ಸಾಹೇಬರು ಬಾಯಿ ಪೂರ್ತಿ ತೆರೆದು ಆಕಳಿಸುತ್ತಿದ್ದರು.

ಮೇಷ್ಟ್ರು ಕುರ್ಚಿಯಿಂದ ಮುಂದಕ್ಕೆ ಬಾಗಿದರು. “ನಿನ್ನ ಕುರ್ಚಿ ಮ್ಯಾಲ ಕುಂತಾಂವ ಯಾರು?”

ಇನ್ನು ಸುಳ್ಳಿಗೆ ಜಾಗವಿರಲಿಲ್ಲ. ಸಾಹೇಬರು, ಪಾಸು, ನಿಖಿಲನ ಕನೆಕ್ಟೆಡ್, ಹಲಸೂರಿನ ಟಾಕೀಸು, ಎಲ್ಲ ಹೇಳಿದೆ. ತಲೆ ತಗ್ಗಿಸಿಕೊಂಡೇ ಹೇಳಿದೆ. ಅವರು ಬಯ್ಯಲಿಲ್ಲ. ಆ ಗಾಳಿಯ ದನಿಯಲ್ಲಿ, “ಅಂದ್ರ, ಕೂಗಿದ್ರೇನು?” ಎಂದು ಕೇಳಿದರು.

“ಕೂಗಿದ್ವಿ ಮೇಷ್ಟ್ರೇ. ಇನ್ನೂರು ಜನ.”

“ಎಷ್ಟೊತ್ತು?”

“ಕುಕ್ಕರಿನ ಜಾಹೀರಾತು ಮುಗಿಯೋವರ್ಗೂ.”

“ಖರೇನ?” ಎಂದರು. ಕಣ್ಣಲ್ಲಿ ನೀರು ತುಂಬಿತ್ತು. “ನಾ ಇಷ್ಟು ದಿನ ಏನ್ ತಿಳಕೊಂಡಿದ್ದೆ ಗೊತ್ತದೇನು? ಒಬ್ಬರಿಗೂ ನನ್ನ ಪದ ಬೇಕಾಗಿಲ್ಲ ಅಂತ. ಸೇಡಂದಾಗ ದಿನಾ ಅದನ್ನ ನೆನಸ್ತಿದ್ದೆ.”

ಇಲ್ಲಿಯವರೆಗೂ ನಿಖಿಲನನ್ನು, ಕ್ಯಾಮೆರಾವನ್ನು, ಉಪಗ್ರಹವನ್ನು ಮನಸಾರೆ ಬಯ್ದೆನಲ್ಲ, ಆ ಬಯ್ಗುಳವನ್ನೆಲ್ಲ ಈಗ ನನ್ನ ಕಡೆಗೆ ತಿರುಗಿಸಿಕೊಳ್ಳಬೇಕು. ಆ ಯಂತ್ರಗಳು ನಮ್ಮ ಕೂಗನ್ನು ಅವರಿಗೆ ಒಂದು ಸಂಜೆ ತಲುಪಿಸಲಿಲ್ಲ. ಕಿವಿ, ಬಾಯಿ, ಫೋನ್ ನಂಬರು ಎಲ್ಲ ಇದ್ದ ನಾನು ಏಳು ತಿಂಗಳು ತಲುಪಿಸಲಿಲ್ಲ.

ಮೇಷ್ಟ್ರು ಎದ್ದರು. ಹೊರಟರೆಂದುಕೊಂಡೆ. ನಮ್ಮ ನಡುಮನೆಯಲ್ಲಿ ನಿಂತು ಬಲಗೈಯನ್ನು ಹೆಗಲವರೆಗೆ ಎತ್ತಿ, ನಮಗೆ ಬೆನ್ನು ಹಾಕಿ, ಬಾಗಿಲ ಕಡೆ ನಡೆದರು. ಒಂದು, ಎರಡು, ಮೂರು. ನಾಲ್ಕನೆಯ ಹೆಜ್ಜೆಗೆ ನಿಂತರು.

ನಾನು ಕೂಗಿದೆ. ಸರ್ವಶಕ್ತಿಯಿಂದ ಕೂಗಿದೆ. ಒಳಗಿನಿಂದ ಸರೋಜಳೂ ಕೂಗಿದಳು. ಅವರು ತಿರುಗಿದರು. ಹಾಡು ಬರಲಿಲ್ಲ, ಉಸಿರು ಮಾತ್ರ ಬಂತು. ಆದರೆ ‘ಕುದುರೆಯೇ’ ಎಂಬಲ್ಲಿ ಅವರು ನಿಂತರು. ಅಲ್ಲೇ ಕೈ ಮೇಲೆತ್ತಿ, ಬಿಟ್ಟುಕೊಡಲು ಮನಸ್ಸೇ ಇಲ್ಲದವರಂತೆ ಬಹಳ ಹೊತ್ತು ನಿಂತರು. ಅದು ಎರಡನೆಯದೇ ಆಗಿತ್ತು. ಮೇಲಿನ ಮನೆಯವರು ಏನಾಯಿತೆಂದು ಗಾಬರಿಯಾಗಿ ಇಳಿದು ಬಂದು ಬಾಗಿಲಲ್ಲಿ ನಿಂತಿದ್ದರು, ನಾನು ಅವರಿಗೆ ಸುಮ್ಮನಿರುವಂತೆ ಕೈಸನ್ನೆ ಮಾಡಿದೆ.